ವೈದ್ಯ ಮುಟ್ಟದೆ ಬಿಟ್ಟ ತಟ್ಟೆ

“ಗುರುಗಳೇ, ಏನು ಕೊಟ್ಟರೂ ತೆಗೆದುಕೊಳ್ಳದೆ ಸುಮ್ಮನೆ ಕೂತುಬಿಟ್ಟ ವಿದ್ಯಾರ್ಥಿಯನ್ನು ಎಷ್ಟು ದಿನ ಅಂತ ಇಟ್ಟುಕೊಳ್ಳಬೇಕು?”

ಶಾಂತವೀರ ಹೀಗೆ ಕೇಳಿದ್ದು ನಂಜುಂಡಾರಾಧ್ಯರನ್ನು. ಅವರಿದ್ದ ವಿದ್ಯಾಪೀಠದಲ್ಲಿ ಹಲವು ಬಗೆಯ ಸಂಶೋಧನೆ ನಡೆಯುತ್ತಿತ್ತು. ಒಬ್ಬರು ಸಂತೆಯ ವ್ಯಾಪಾರವನ್ನು ಕುರಿತು, ಒಬ್ಬರು ಬಾಣಂತಿಯರ ಆರೋಗ್ಯವನ್ನು ಕುರಿತು, ಇನ್ನೊಬ್ಬರು ಕಪ್ಪೆಗಳ ಕೂಗನ್ನು ಕುರಿತು. ದಾರಿ ಕಾಣದಾದಾಗ ಎಲ್ಲರೂ ಬರುತ್ತಿದ್ದದ್ದು ಆರಾಧ್ಯರ ಬಳಿಗೆ. ವ್ಯಾಪಾರದ ಬಗ್ಗೆ ಕೇಳಿದವನಿಗೆ ಅವರು ಇರುವೆಯ ಕತೆ ಹೇಳುವರು. ಇರುವೆಯ ಬಗ್ಗೆ ಕೇಳಿದವನಿಗೆ ಅತ್ತೆ ಸೊಸೆಯ ಕತೆ ಹೇಳುವರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಶಾಂತವೀರ ಅವರ ಶಿಷ್ಯ. ಈಗ ತಾನೇ ಕೆಲವರಿಗೆ ಮಾರ್ಗದರ್ಶಕನಾಗಿದ್ದ. ಅವನ ವಿದ್ಯಾರ್ಥಿನಿ ಭಾಗೀರಥಿ. ಸಂತೆಯಲ್ಲಿ ಸೊಪ್ಪು ಮಾರುವ ಮಕ್ಕಳು ಶಾಲೆಯ ಮುಖ ನೋಡದೆ ಲೆಕ್ಕ ಕಲಿಯುವುದು ಹೇಗೆ ಎಂದು ತಿಳಿಯಲು ಹೊರಟವಳು. ಮೊದಮೊದಲು ಚುರುಕಾಗಿ ಬರೆದಳು. ಆಮೇಲೆ ಒಂದು ದಿನ ನಿಂತಳು, ನಿಂತೇಬಿಟ್ಟಳು.

“ಪುಸ್ತಕ ಕೊಟ್ಟೆ, ತೆರೆಯಲಿಲ್ಲ. ವಿಷಯ ಬದಲಿಸಮ್ಮಾ ಎಂದೆ, ಒಲ್ಲೆ ಎಂದಳು. ಗದರಿದೆ. ಗದರಿದ್ದು ಹೆಚ್ಚಾಯಿತೇನೋ ಎಂದು ಹೊಗಳಿದೆ. ಯಾವುದೂ ನಾಟಲಿಲ್ಲ. ಕಲ್ಲಿನ ಮೇಲೆ ನೀರು ಹುಯ್ದ ಹಾಗಾಯಿತು. ನಾಳೆ ಸಭೆ ಇದೆ. ಅವಳ ಜಾಗವನ್ನು ಇನ್ನೊಬ್ಬರಿಗೆ ಕೊಡಿ ಎಂದು ಹೇಳಿಬಿಡೋಣ ಎಂದುಕೊಂಡಿದ್ದೇನೆ. ಒಂದು ಸಲ ಬಿಟ್ಟು ಹೋದರೆ ಅವಳು ತಿರುಗಿ ಬರುವವಳಲ್ಲ. ಅದೂ ಗೊತ್ತು. ಅದಕ್ಕೇ ತಮ್ಮನ್ನು ಕೇಳೋಣವೆಂದು ಬಂದೆ.”

“ಮೊದಲು ಕೂತುಕೋ. ನಿಂತ ಕಾಲಲ್ಲಿ ಕೇಳುವ ಪ್ರಶ್ನೆಯೇ ಇದು?” ಎಂದರು ಆರಾಧ್ಯರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿಗೆ ಹತ್ತಿ ಗೊತ್ತಿತ್ತು, ಉಣ್ಣೆ ಗೊತ್ತಿತ್ತು, ರೇಷ್ಮೆ ಗೊತ್ತಿರಲಿಲ್ಲ. ಅಲ್ಲಿನ ಒಬ್ಬ ವ್ಯಾಪಾರಿ ದೂರದೇಶಕ್ಕೆ ಹೋದವನು ಬಹಳ ವರ್ಷಗಳ ಮೇಲೆ ಊರಿಗೆ ಬಂದ. ಬರುವಾಗ ಒಂದು ತುಂಡು ಬಟ್ಟೆಗೆ ಅಂಟಿಕೊಂಡ ಮೊಟ್ಟೆಗಳನ್ನು ತಂದ. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು. ಇವು ಒಡೆದು ಹುಳು ಬರುತ್ತವೆ, ಹಿಪ್ಪುನೇರಳೆ ಎಲೆ ಹಾಕು, ಕೊನೆಗೆ ಗೂಡು ಕಟ್ಟಿ ನೂಲು ಕೊಡುತ್ತವೆ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಮೊದಲು ಹೇಳಿದ್ದರು, ಕೊನೆ ಹೇಳಿದ್ದರು. ನಡುವಿನದನ್ನು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ನಡುವಿನದನ್ನು ಕೇಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ.

ಊರ ಸುತ್ತ ಹಿಪ್ಪುನೇರಳೆ ಬೇಕಾದಷ್ಟು ಇತ್ತು. ಮೊಟ್ಟೆ ಒಡೆದವು. ಹುಳುಗಳು ಮೊದಮೊದಲು ಏನು ಮಾಡಿದರೂ ಕಣ್ಣಿಗೆ ಬೀಳದಷ್ಟು ಸಣ್ಣವು; ಎಲೆಯ ಮರೆಯಲ್ಲಿ ತಿಂದವು, ಬೆಳೆದವು. ಬೆಳೆಯುತ್ತ ಬಿದಿರಿನ ತಟ್ಟೆಗಳ ತುಂಬ ಹರಡಿದವು. ಬಾಗಿಲಲ್ಲಿ ನಿಂತರೂ ಅವು ತಿನ್ನುವ ಸದ್ದು ಕೇಳಿಸುತ್ತಿತ್ತು, ಒಣ ತರಗಿನ ಮೇಲೆ ತುಂತುರು ಬಿದ್ದ ಹಾಗೆ. ಊರಿನ ನೇಕಾರರು ಬಂದು ಬಂದು ಕೇಳಿ ಹೋಗುತ್ತಿದ್ದರು. ಆ ಸದ್ದಿನಲ್ಲಿ ತಮ್ಮ ಮಗ್ಗದ ಸದ್ದು ಅವರಿಗೆ ಆಗಲೇ ಕೇಳಿಸುತ್ತಿತ್ತೋ ಏನೋ.

ಒಂದು ಬೆಳಗ್ಗೆ ಸದ್ದಿಲ್ಲ.

ವ್ಯಾಪಾರಿ ಓಡಿ ಬಂದು ನೋಡಿದ. ಎಲೆ ಹಾಕಿದ್ದು ಹಾಕಿದ ಹಾಗೇ ಇದೆ. ಹುಳುಗಳೆಲ್ಲ ತಲೆಯನ್ನು ಮೇಲಕ್ಕೆತ್ತಿ ಕಲ್ಲಾಗಿ ಕೂತಿವೆ. ಮೈ ಬಿಳಿಚಿಕೊಂಡಿದೆ. ಬೆರಳು ಹತ್ತಿರ ಒಯ್ದರೂ ಸರಿಯುವುದಿಲ್ಲ. ವ್ಯಾಪಾರಿಯ ಜೀವ ಬಾಯಿಗೆ ಬಂತು. ಅಷ್ಟು ದೂರ ಮತ್ತೊಮ್ಮೆ ಹೋಗಿಬರುವ ವಯಸ್ಸು ಅವನದಲ್ಲ. ನೇರ ವೈದ್ಯನ ಮನೆಗೆ ಓಡಿದ.

ಈ ವೈದ್ಯ ಸಾಮಾನ್ಯನಲ್ಲ. ಮನುಷ್ಯರಿಗೂ ಮದ್ದು ಕೊಡುವನು, ದನಕ್ಕೂ ಕೊಡುವನು. ಅವನ ಕೈಗುಣ ದೊಡ್ಡದು ಎಂದು ಊರೆಲ್ಲ ಹೇಳುತ್ತಿತ್ತು. ಅವನು ಹಣೆ ಮುಟ್ಟಿದರೆ ಅರ್ಧ ಜ್ವರ ಇಳಿಯುತ್ತದೆ ಎನ್ನುವರು. ಅದನ್ನು ಕೇಳಿ ಕೇಳಿ ಅವನಿಗೂ ತನ್ನ ಕೈಯ ಮೇಲೆ ನಂಬಿಕೆ ಬಂದಿತ್ತು. ಮದ್ದು ಕೊಡದೆ ಒಬ್ಬ ರೋಗಿಯನ್ನೂ ಅವನು ಮನೆಗೆ ಕಳಿಸಿದ್ದಿಲ್ಲ.

ನಗಬೇಡ ಶಾಂತವೀರ. ಹುಳುವಿನ ನಾಡಿ ಎಲ್ಲಿ ಹಿಡಿಯುವುದು ಎಂದು ಆ ವೈದ್ಯನೂ ಒಂದು ಗಳಿಗೆ ಯೋಚಿಸಿದ. ಆದರೂ ಹೋಗಿ ತಟ್ಟೆಗಳ ಮುಂದೆ ಕೂತ. ಕಣ್ಣು ಕಿರಿದು ಮಾಡಿ ಹುಡುಕಿದ. ಹುಡುಕಿದವನಿಗೆ ಸಿಕ್ಕೂ ಸಿಕ್ಕಿತು. ಪ್ರತಿ ಹುಳುವಿನ ಕಾಲಡಿಯಲ್ಲಿ ಕಂಡೂ ಕಾಣದಂಥ ಎಳೆಗಳು. ಅವು ಹುಳುವನ್ನು ಎಲೆಗೆ ಬಿಗಿದುಬಿಟ್ಟಿದ್ದವು. ಅಯ್ಯೋ ಪಾಪ, ಯಾವುದೋ ಕೆಟ್ಟ ಬಲೆ ಕಟ್ಟಿಕೊಂಡಿದೆ, ಅಲುಗಾಡಲಾರದೆ ಹಸಿದು ಸಾಯುತ್ತಿವೆ ಎಂದು ಅವನ ಕರುಳು ಚುರ್ರೆಂದಿತು.

ಕೈ ತೊಳೆದು ಬಂದ. ಚಿಮಟ ಹಿಡಿದು ಒಂದೊಂದೇ ಹುಳುವಿನ ಎಳೆ ಕಿತ್ತ. ಎಳೆ ಬಿಡಿಸಿದ ಹುಳುವನ್ನು ತಾಯಿ ಮಗುವನ್ನು ಎತ್ತಿದಷ್ಟು ಮೆತ್ತಗೆ ಎತ್ತಿ ಹೊಸ ಎಲೆಯ ಮೇಲೆ ಮಲಗಿಸಿದ. ಶುಂಠಿಯ ಕಷಾಯ ಚಿಮುಕಿಸಿದ. ಬೆಳಗ್ಗೆ ಕೂತವನು ಸಂಜೆಯವರೆಗೆ ಬೆನ್ನು ನೆಟ್ಟಗೆ ಮಾಡಲಿಲ್ಲ. ಎಲ್ಲ ತಟ್ಟೆಯೂ ಆಯಿತು, ಒಂದು ಉಳಿಯಿತು. ಬೆಳಕು ಹೋಗಿತ್ತು. ಇದೊಂದು ಬೆಳಗ್ಗೆ ಮಾಡಿದರಾಯಿತು ಎಂದು ಎದ್ದ. ವ್ಯಾಪಾರಿ ಅವನ ಕಾಲಿಗೆ ಬಿದ್ದು ಕಳಿಸಿಕೊಟ್ಟ.

ಮಾರನೆಯ ಬೆಳಗ್ಗೆ ಬಂದು ನೋಡಿದರೆ ಏನು ಹೇಳಲಿ! ಅವನು ಬಿಡಿಸಿದ್ದ ಹುಳುಗಳು ಒದ್ದಾಡುತ್ತಿದ್ದವು. ಮೈಯ ಚರ್ಮ ಅರ್ಧ ಜಾರಿ ನಡುವಿಗೆ ಬಿಗಿದುಕೊಂಡಿತ್ತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಕೆಲವು ಆಗಲೇ ತಲೆ ಇಳಿಬಿಟ್ಟು ಕಪ್ಪಾಗಿದ್ದವು. ಮುಟ್ಟದೆ ಬಿಟ್ಟಿದ್ದ ತಟ್ಟೆಯಲ್ಲಿ ಮಾತ್ರ ಹುಳುಗಳು ನಿನ್ನೆಯ ಹಾಗೇ ಇದ್ದವು. ಕದಲಿಲ್ಲ, ತಿಂದಿಲ್ಲ. ತಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು.

ವ್ಯಾಪಾರಿ ಆ ತಟ್ಟೆಯನ್ನು ವೈದ್ಯನ ಮಡಿಲಿಗೇ ತಂದಿಟ್ಟ. “ಇದನ್ನಾದರೂ ಬೇಗ ಬಿಡಿಸಿ ಸ್ವಾಮೀ! ಉಳಿದದ್ದು ಇದೊಂದೇ.”

ವೈದ್ಯ ಚಿಮಟ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಅವನ ಕಣ್ಣು ಆ ತಟ್ಟೆಗಳಿಂದ ಈ ತಟ್ಟೆಗೆ ಬಂತು, ಈ ತಟ್ಟೆಯಿಂದ ಆ ತಟ್ಟೆಗಳಿಗೆ ಹೋಯಿತು. ಎಲೆ ಒಂದೇ, ಮನೆ ಒಂದೇ, ಗಾಳಿ ಒಂದೇ. ಬೇರೆಯಾದದ್ದು ಏನು? ತನ್ನ ಕೈ. ಊರೆಲ್ಲ ಹೊಗಳಿದ ಕೈ ಅದು.

“ಇದಕ್ಕೆ ನಾನು ಏನೂ ಮಾಡುವುದಿಲ್ಲ” ಎಂದ.

“ಮಾಡುವುದಿಲ್ಲವೇ? ಕಣ್ಣೆದುರು ಸಾಯುತ್ತಿದ್ದರೆ ಸುಮ್ಮನೆ ಕೂರುತ್ತೀರಾ? ನೀವೂ ಒಬ್ಬ ವೈದ್ಯರೇ?”

“ಬೈಯಪ್ಪಾ, ಬೈಯಿ. ಅವುಗಳನ್ನು ಕೊಂದದ್ದು ರೋಗವಲ್ಲ, ನಾನು. ಇದು ಏನೆಂದು ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ನೋಡುತ್ತೇನೆ.”

ನೋಡುವುದು ಎಂದರೆ ಸುಲಭವೇ? ಮದ್ದು ಅರೆದು ಬದುಕಿದ ಕೈ ಅದು, ಸುಮ್ಮನಿರದು. ಮತ್ತೆ ಮತ್ತೆ ತಟ್ಟೆಯ ಕಡೆಗೆ ಹೋಗುವುದು. ಕೊನೆಗೆ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ. ವ್ಯಾಪಾರಿಯ ಹೆಂಡತಿ ತಂದಿಟ್ಟ ಮಜ್ಜಿಗೆ ಅಲ್ಲೇ ಹುಳಿಯಾಯಿತು. ನೇಕಾರರು ಬಾಗಿಲಲ್ಲಿ ಇಣುಕಿ, ವೈದ್ಯನಿಗೆ ತಲೆ ಕೆಟ್ಟಿತು ಎಂದು ಪಿಸುಗುಟ್ಟಿ ಹೋದರು. ಅವನಿಗೆ ಅದು ಕೇಳಿಸಿತು. ಕೇಳಿಸಿದರೂ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷಗಳಲ್ಲಿ ಕೈಯಲ್ಲಿ ಮದ್ದಿಲ್ಲದೆ ಒಂದು ಜೀವವನ್ನು ಅವನು ನೋಡಿದ್ದು ಅದೇ ಮೊದಲು.

ಹಾಗೆ ನೋಡುತ್ತಿದ್ದಾಗ ಒಂದು ಹುಳುವಿನ ಮೈ ಕಂಪಿಸಿತು. ಬಾಲದ ಕಡೆಯಿಂದ ಒಂದು ಅಲೆ ಎದ್ದು ತಲೆಯವರೆಗೆ ಹರಿಯಿತು. ಮತ್ತೊಂದು ಅಲೆ. ಕತ್ತಿನ ಹಿಂದೆ ಚರ್ಮ ಸಣ್ಣಗೆ ಬಿರಿಯಿತು. ಅಯ್ಯೋ, ಇದೂ ಹೋಯಿತು ಎಂದುಕೊಂಡ ವೈದ್ಯ. ಹೋಗಲಿಲ್ಲ. ಬಿರುಕಿನೊಳಗಿಂದ ಇನ್ನೊಂದು ತಲೆ ಬಂತು! ಮೊದಲಿನದಕ್ಕಿಂತ ದೊಡ್ಡ ತಲೆ, ಹಸುಗೂಸಿನ ಉಗುರಿನಷ್ಟು ಎಳಸು. ಹಳೆಯ ಮುಖ, ಮುಖವೇ ಕಣಯ್ಯಾ, ಒಂದು ಸಣ್ಣ ಹೊಟ್ಟಿನ ಹಾಗೆ ಕಳಚಿ ಎಲೆಯ ಮೇಲೆ ಬಿತ್ತು.

ಆಮೇಲೆ ಹುಳು ನಡೆಯತೊಡಗಿತು. ತನ್ನೊಳಗಿಂದ ತಾನೇ ಹೊರಗೆ ನಡೆಯಿತು. ಪಕ್ಕೆಯಲ್ಲಿ ಉಸಿರಾಡುವ ತೂತುಗಳಿರುತ್ತವಲ್ಲ, ಅವುಗಳ ಒಳಪೊರೆ ಕೂಡ ಬಿಳಿಯ ನೂಲಾಗಿ ಹೊರಗೆ ಜಾರಿತು. ಕಾಲಿನ ಚರ್ಮ ಬಿಟ್ಟಿತು, ಬಾಯಿಯ ಚರ್ಮ ಬಿಟ್ಟಿತು, ಉಸಿರಿನ ದಾರಿಯ ಚರ್ಮವೂ ಬಿಟ್ಟಿತು. ಹಳೆಯ ಮೈ ಹಿಂದೆ ಉಳಿಯಿತು. ಅದು ಉಳಿದದ್ದು ಹೇಗೆ? ಆ ಎಳೆಗಳು ಅದನ್ನು ಎಲೆಗೆ ಬಿಗಿಹಿಡಿದಿದ್ದವು. ಹಳೆಯದನ್ನು ಅವು ಹಿಡಿದುಕೊಂಡದ್ದರಿಂದ ಹೊಸದು ಹೊರಗೆ ಬರಲು ಸಾಧ್ಯವಾಯಿತು. ಆ ಎಳೆಗಳನ್ನು ಯಾವ ಶತ್ರುವೂ ಕಟ್ಟಿರಲಿಲ್ಲ. ಹುಳುವೇ ನೂತು, ಹುಳುವೇ ಕಟ್ಟಿಕೊಂಡು, ಆಮೇಲೆ ಸುಮ್ಮನಾಗಿತ್ತು.

ವೈದ್ಯನ ಕಣ್ಣಲ್ಲಿ ನೀರು ಸುರಿಯಿತು. ಕೊಂದ ಹುಳುಗಳಿಗಾಗಿ ಅತ್ತ, ಕಂಡ ಸೋಜಿಗಕ್ಕಾಗಿಯೂ ಅತ್ತ. ಎರಡನ್ನೂ ಬೇರೆ ಮಾಡಲು ಅವನಿಂದ ಆಗಲಿಲ್ಲ. ಮೇಲುನೋಟಕ್ಕೆ ಏನೂ ನಡೆಯದ ಆ ಮೈಯೊಳಗೆ ಎಷ್ಟು ಕೆಲಸ ನಡೆದಿತ್ತು! ಬೆಳೆಯುವ ಜೀವವೊಂದು ಸಾಯುವ ಜೀವದಂತೆಯೇ ಕಾಣುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ಅವನು ಕೈಗಳನ್ನು ತೊಡೆಯಡಿಯಿಂದ ತೆಗೆದು ಆ ಹುಳುವಿಗೆ ಮುಗಿದ. ಇದನ್ನು ಕಂಡು ವ್ಯಾಪಾರಿಯೂ ಬಗ್ಗಿ ನೋಡಿದ. ನೋಡಿದವನು ಬೈಯುವುದನ್ನು ಮರೆತು, ತಟ್ಟೆಯ ಪಕ್ಕದಲ್ಲೇ ನೆಲಕ್ಕೆ ಕೂತ.

ಒಂದರ ಹಿಂದೆ ಒಂದು, ಇಡೀ ತಟ್ಟೆ ಹೊಸ ಮೈ ತೊಟ್ಟಿತು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹುಳುಗಳು ತಲೆಯಾಡಿಸಿ ಎಲೆ ಹುಡುಕಿದವು. ಆಮೇಲೆ ಅವು ತಿಂದದ್ದೇನು, ಹಿಂದೆಂದೂ ಹಾಗೆ ತಿಂದಿರಲಿಲ್ಲ. ಎಲೆ ತಂದು ಸುರಿದು ಸುರಿದು ವ್ಯಾಪಾರಿಯ ತೋಳು ಸೋತವು. ಆ ಒಂದು ತಟ್ಟೆ ಗೂಡು ಕಟ್ಟಿತು, ಗೂಡಿನಿಂದ ಚಿಟ್ಟೆ ಬಂತು, ಚಿಟ್ಟೆ ಮೊಟ್ಟೆ ಇಟ್ಟಿತು. ಆ ಊರಿನ ರೇಷ್ಮೆಯೆಲ್ಲ ವೈದ್ಯ ಮುಟ್ಟದೆ ಬಿಟ್ಟ ಆ ತಟ್ಟೆಯ ಸಂತಾನ.

ಆರಾಧ್ಯರು ಕತೆ ನಿಲ್ಲಿಸಿದರು. ಶಾಂತವೀರ ಹೇಳಿದ:

“ತಾಳಿದವನು ಬಾಳಿಯಾನು ಎನ್ನುತ್ತೀರಿ. ಕಾಯುತ್ತೇನೆ ಗುರುಗಳೇ. ಆದರೆ ನಿಜವಾಗಿ ಸತ್ತದ್ದರ ಮುಂದೆ ಕಾಯುತ್ತ ಕೂತರೆ?”

“ಆ ಗಾದೆ ಹೇಳುವುದಕ್ಕೆ ನಾನು ಇಷ್ಟು ಗಂಟಲು ಒಣಗಿಸಿಕೊಳ್ಳಬೇಕಾಗಿತ್ತೇನಯ್ಯಾ?” ಆರಾಧ್ಯರಿಗೆ ರೇಗಿತು. “ವೈದ್ಯ ಕಾದ ಎಂದೆನೇ? ನೋಡಿದ ಎಂದೆ. ಸತ್ತದ್ದು ತಲೆ ಇಳಿಬಿಟ್ಟಿತ್ತು, ಬದುಕಿದ್ದು ತಲೆ ಎತ್ತಿತ್ತು. ಕಣ್ಣಿಟ್ಟವನಿಗೆ ಅದು ಕಂಡಿತು. ಹೇಳು, ನಿನ್ನ ಭಾಗೀರಥಿ ದಿನವೆಲ್ಲ ಏನು ಮಾಡುತ್ತಾಳೆ?”

“ಸಂತೆಗೆ ಹೋಗುತ್ತಾಳಂತೆ. ಆ ಮಕ್ಕಳ ಪಕ್ಕದಲ್ಲಿ ಕೂರುತ್ತಾಳಂತೆ. ಏನೂ ಕೇಳುವುದಿಲ್ಲವಂತೆ, ಏನೂ ಬರೆದುಕೊಳ್ಳುವುದಿಲ್ಲವಂತೆ. ಸಂತೆ ಮುಗಿಯುವವರೆಗೂ ಏಳುವುದಿಲ್ಲವಂತೆ.”

“ಅಂತೆ, ಅಂತೆ, ಅಂತೆ” ಎಂದರು ಆರಾಧ್ಯರು.

ಶಾಂತವೀರನ ಮುಖ ಕೆಂಪಾಯಿತು. ಅವನು ಒಂದು ದಿನವೂ ಆ ಸಂತೆಗೆ ಹೋಗಿರಲಿಲ್ಲ. ಏಳಲು ಹೊರಟವನು ಮತ್ತೆ ಕೂತ. ಒಂದು ಅಳುಕು ಅವನಲ್ಲಿ ಇನ್ನೂ ಉಳಿದಿತ್ತು.

“ನಾನೇನೋ ಹೋಗಿ ನೋಡುತ್ತೇನೆ. ಆದರೆ ನಾಳೆಯ ಸಭೆ ಕೇಳಬೇಕಲ್ಲ, ಗುರುಗಳೇ? ಒಂದಕ್ಷರವನ್ನೂ ಬರೆಯದವರನ್ನು ಇಟ್ಟುಕೊಳ್ಳಿ ಎಂದು ಅಷ್ಟು ಜನರ ಮುಂದೆ ಎದ್ದು ನಿಂತು ಯಾರು ತಾನೇ ಹೇಳುತ್ತಾರೆ?”

“ನೀನು ಒಂದಕ್ಷರವನ್ನೂ ಬರೆಯದಿದ್ದ ವರ್ಷ, ಇದೇ ಸಭೆಯಲ್ಲಿ, ನಾನು ಹೇಳಿದೆನಪ್ಪಾ.”