ಮುಡಿ ಕೊಟ್ಟ ಗುಲಾಬಿ

ಮಾರ್ಗಶಿರದ ಚಳಿ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಅಮಲ್ದಾರರು ಹಿತ್ತಲಿಗೆ ಕಾಲಿಟ್ಟವರೇ ಹೌಹಾರಿದರು. ಗುಲಾಬಿ ಗಿಡಗಳೆಲ್ಲ ಮೊಳಕಾಲೆತ್ತರದ ಮೋಟು ಕಡ್ಡಿಗಳಾಗಿದ್ದವು! ಕತ್ತರಿಸಿದ ತುದಿಗೆಲ್ಲ ಸೆಗಣಿ ಮೆತ್ತಿತ್ತು.

"ನನ್ನ ಗಿಡ ಬೋಳಿಸಿದೆಯೇನೋ? ಈಗಲೇ ಕೆಲಸ ಬಿಟ್ಟು ನಡಿ!"

ಮಾಲಿ ಮಾಸ್ತಯ್ಯ ಕೈಮುಗಿದ. "ಹೋಗ್ತೀನಿ ಬುದ್ಧಿ. ತಮ್ಮ ಕೂದಲು ಮತ್ತೆ ಬರುತ್ತಾ?"

"ಬರದೆ ಏನು? ಇನ್ನೂ ದಟ್ಟವಾಗಿ ಬರುತ್ತೆ!"

"ಗಿಡದ್ದೂ ಹಂಗೇ ಬುದ್ಧಿ. ತಮ್ಮ ತಲೆ ಚಿಗುರೋವರೆಗೆ ಇದಕ್ಕೂ ಗಡುವು ಕೊಡಿ."

ಅಮಲ್ದಾರರು ತಲೆ ಸವರಿಕೊಂಡು ಒಪ್ಪಿದರು. ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಗಿಡದ ಮುಂದೆ ನಿಂತು ಹೋಲಿಸಿದ್ದೇ ಹೋಲಿಸಿದ್ದು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಗಿಡದ ತುಂಬ ಮೊಗ್ಗು. ನೆತ್ತಿ ಮಾತ್ರ ಮಿರಮಿರನೆ ಮಿಂಚುತ್ತಲೇ ಇತ್ತು.

ಅಮಲ್ದಾರರು ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ಮಾಸ್ತಯ್ಯ, ಆ ಸೆಗಣಿ ಯಾವ ಹಸುವಿನದಪ್ಪಾ?"