ಪದುಮಣ್ಣನ ತೂತಿಲ್ಲದ ಕಟ್ಟಳೆ

"ನಾನು ಬರೆದ ಕಟ್ಟಳೆಯಲ್ಲಿ ಯಾರಾದರೂ ಸೂಜಿಮೊನೆಯಷ್ಟು ತೂತು ತೋರಿಸಲಿ, ಈ ಮೀಸೆ ಬೋಳಿಸಿಕೊಳ್ಳುತ್ತೇನೆ" ಎಂದು ಪದುಮಣ್ಣ ತುಂಬಿದ ಆಸ್ಥಾನದಲ್ಲಿ ಹೇಳಿದ.

ಕರೇಗುಡ್ಡದ ಬೊಮ್ಮರಸ ನಾಯಕನ ಆಸ್ಥಾನಕ್ಕೆ ಅವನೇ ಜಾಣ. ಆಸ್ಥಾನ ಚಿಕ್ಕದು, ಪೈಪೋಟಿಗೆ ಇನ್ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು. ಊರಿಗೆಲ್ಲ ಒಂದೇ ಹಳ್ಳ. ನೀರಿನ ಸರದಿಗೆ ಕಿತ್ತಾಡಿಕೊಂಡು ಜನ ವಾರಕ್ಕೆರಡು ಸಲ ಅರಮನೆಗೆ ಬರುತ್ತಿದ್ದರು. ನಾಯಕನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು.

"ಒಂದೇ ಸಾಲಿನಲ್ಲಿ ಜಗಳ ಮುಗಿಸುವ ಕಟ್ಟಳೆ ಬರೆದು ತಾ" ಎಂದ ನಾಯಕ.

ಪದುಮಣ್ಣ ಬರೆದ: ‘ನೀರು ಯಾರ ನೆಲದಲ್ಲಿದೆಯೋ, ಅಲ್ಲಿರುವಷ್ಟು ಹೊತ್ತು ಅವರದು, ಅದನ್ನು ಏನು ಮಾಡಿದರೂ ಕೇಳುವ ಹಾಗಿಲ್ಲ.’

ನಾಯಕ ಶಾಲು ಹೊದಿಸಿದ. ಪದುಮಣ್ಣ ಆ ಶಾಲನ್ನು ಬೇಸಿಗೆಯಲ್ಲೂ ಹೊದ್ದು ಬೆವರುತ್ತಾ ತಿರುಗಿದ.

ಆ ಸಾಲನ್ನು ಎಲ್ಲರಿಗಿಂತ ಚೆನ್ನಾಗಿ ಓದಿಕೊಂಡವನು ನಾಯಕನ ಭಾವಮೈದುನ ಕೆಂಚಪ್ಪ. ಹಳ್ಳದ ಮೇಲ್ಗಡೆ ಅವನ ಜಮೀನು. ಅಲ್ಲಿ ಎಂಟು ಬಾನಿ ಕಟ್ಟಿಸಿ, ಬಟ್ಟೆಗೆ ನೀಲಿ ಬಣ್ಣ ಹಾಕಿಸತೊಡಗಿದ. ಬಾನಿಯ ತಳದಲ್ಲಿ ಕೊಳೆತ ಗಸಿಯನ್ನೆಲ್ಲ ಹಳ್ಳಕ್ಕೆ ಬಿಟ್ಟ. ಕೆಳಗೇರಿಯ ಅರವತ್ತು ಮನೆಗೆ ಕುಡಿಯಲು ಅದೇ ನೀರು. ಮಕ್ಕಳಿಗೆ ಹೊಟ್ಟೆನೋವು ಹಿಡಿಯಿತು. ಎಮ್ಮೆಗಳು ಮೂಸಿ ಮುಖ ತಿರುಗಿಸಿದವು. ಕೇಳಲು ಹೋದವರಿಗೆ ಕೆಂಚಪ್ಪ ಕಟ್ಟಳೆ ಓದಿ ಹೇಳಿದ.

"ಬರೆದವನು ನಿಮ್ಮ ಕೇರಿಯವನೇ. ಅವನನ್ನು ಕೇಳಿ."

ಹೌದು, ಪದುಮಣ್ಣನ ಮನೆಯೂ ಕೆಳಗೇರಿಯಲ್ಲೇ. ಒಂದು ದಿನ ಹಳ್ಳದಲ್ಲಿ ಒಗೆದು ತಂದ ಅವನ ಬಿಳಿ ಪಂಚೆ ನವಿಲಿನ ಕತ್ತಿನ ಹಾಗಿತ್ತು.

"ನಿಮ್ಮ ಕಟ್ಟಳೆಯ ಬಣ್ಣ ಚೆನ್ನಾಗಿ ಹಿಡಿದಿದೆ ನೋಡಿ" ಎಂದಳು ಹೆಂಡತಿ ಚಂದವ್ವ.

"ನಾಯಕರ ಹತ್ತಿರ ಮಾತಾಡುತ್ತೇನೆ."

"ಏನಂತ? ತೂತಿದೆ ಅಂತಲೋ, ಇಲ್ಲ ಅಂತಲೋ?"

ಪದುಮಣ್ಣನ ಕೈ ತಾನಾಗಿ ಮೀಸೆಗೆ ಹೋಯಿತು.

"ಮೀಸೆ ಜೋಪಾನ ಮಾಡಿಕೊಳ್ಳಿ. ಆದರೆ ಕುಡಿಯುವ ನೀರು ಗುಡ್ಡದ ಒರತೆಯಿಂದ ನೀವೇ ತನ್ನಿ. ನನ್ನ ಮೊಣಕಾಲು ಅಷ್ಟು ದೂರ ಬರುವುದಿಲ್ಲ ಅಂತಿದೆ."

ಹನ್ನೊಂದು ದಿನ ಆಸ್ಥಾನದ ಜಾಣ ಕೊಡ ಹೊತ್ತ. ದಾರಿಯಲ್ಲಿ ಸಿಕ್ಕವರು, "ಏನು ಪದುಮಣ್ಣನವರೇ, ಆಸ್ಥಾನ ಗುಡ್ಡದ ಮೇಲಕ್ಕೆ ಹೋಯಿತೇ?" ಎಂದು ಕೇಳಿದರು. ಹತ್ತುವಾಗ ಇಳಿಯುವಾಗ ಅವನು ತನ್ನ ಕಟ್ಟಳೆಯಲ್ಲಿ ತೂತು ಹುಡುಕಿದ. ಸಿಗಲಿಲ್ಲ. ಎಷ್ಟು ಚೆಂದ ಬರೆದಿದ್ದೇನೆ ಎಂದು ಒಂದು ಗಳಿಗೆ ಹೆಮ್ಮೆ. ಬೆನ್ನು ನೆಟ್ಟಗೆ ಮಾಡುವಾಗ ಅಳು.

ಹನ್ನೆರಡನೆಯ ದಿನ ಕಾಲು ಜಾರಿ ಕೊಡ ಒಡೆಯಿತು. ಬರಿಗೈಯಲ್ಲಿ ಮನೆಗೆ ಬಂದ. ಚಂದವ್ವ ಬೇರೆ ದಾರಿಯಿಲ್ಲದೆ ಹಳ್ಳದ ನೀರನ್ನೇ ತಂದು ನಾಲ್ಕು ಪದರದ ಬಟ್ಟೆಯಲ್ಲಿ ಸೋಸಿದಳು. ಅವರದು ಜೈನರ ಮನೆ. ಸೋಸದ ನೀರು ಬಾಯಿಗಿಲ್ಲ. ಬಟ್ಟೆಯಲ್ಲಿ ಸಿಕ್ಕಿದ ಸಣ್ಣ ಜೀವಗಳು ಸಾಯಬಾರದೆಂದು, ಆ ಬಟ್ಟೆಯನ್ನು ನೀರು ಬಂದ ಜಾಗದಲ್ಲೇ ಜಾಲಿಸಿ ಬರಬೇಕು. ಅಜ್ಜಿಯ ಕಾಲದಿಂದ ಬಂದ ಪದ್ಧತಿ.

ಅವತ್ತು ಬಟ್ಟೆಯಲ್ಲಿ ಒಂದು ಹಿಡಿ ನೀಲಿ ಗಸಿ ನಿಂತಿತ್ತು. ಚಂದವ್ವ ಅದನ್ನು ಹಿಡಿದು ಹಳ್ಳದ ಕಡೆ ಹೊರಟವಳು ಹೊಸ್ತಿಲಲ್ಲಿ ನಿಂತಳು.

"ರೀ, ಹಳ್ಳದ್ದನ್ನು ಹಳ್ಳಕ್ಕೆ ಬಿಡಬೇಕು, ಸರಿ. ಇದು ಹಳ್ಳದ್ದಲ್ಲವಲ್ಲ. ಕೆಂಚಪ್ಪನ ಮನೆಯದು."

ಪದುಮಣ್ಣ ಕೂತಲ್ಲೇ ತಲೆ ಚಚ್ಚಿಕೊಂಡ. "ಇದು ನನಗೆ ಯಾಕೆ ಹೊಳೆಯಲಿಲ್ಲ?"

"ನೀವು ನೀರು ಸೋಸಿದ್ದು ಯಾವಾಗ? ಬರೀ ಕುಡಿದಿದ್ದೀರಿ."

ಮರುದಿನ ಬೆಳಿಗ್ಗೆ ಅರವತ್ತು ಮನೆಯವರು ನೀರು ಸೋಸಿ, ಗಸಿಯನ್ನು ಮಡಕೆಗಳಲ್ಲಿ ಹೊತ್ತು ಕೆಂಚಪ್ಪನ ಮನೆಗೆ ನಡೆದರು. ಕೈಮುಗಿದು ಅಂಗಳದಲ್ಲಿ ಸುರಿದರು. ಅದರ ಮರುದಿನವೂ ಸುರಿದರು. ಮೂರನೆಯ ದಿನ ಕೆಂಚಪ್ಪ ಮೂಗು ಮುಚ್ಚಿಕೊಂಡು ಅರಮನೆಗೆ ಓಡಿದ.

ನಾಯಕ ಪದುಮಣ್ಣನನ್ನು ಕರೆಸಿದ. ಅವನು ನೀಲಿ ಪಂಚೆಯಲ್ಲೇ ಬಂದ.

"ಇದು ಯಾವ ಕಟ್ಟಳೆಯಲ್ಲಿದೆ ಪದುಮಣ್ಣ?"

"ನಮ್ಮದರಲ್ಲೇ ಪ್ರಭು. ನಮ್ಮ ನೆಲಕ್ಕೆ ಬಂದ ನೀರು ನಮ್ಮದು. ಒಂದು ಹನಿ ಬಿಡದೆ ಇಟ್ಟುಕೊಂಡಿದ್ದೇವೆ. ಬಟ್ಟೆಯಲ್ಲಿ ನಿಂತದ್ದು ನೀರಲ್ಲ. ಪರರ ಸೊತ್ತು ಮನೆಯಲ್ಲಿಟ್ಟುಕೊಂಡರೆ ಕಳ್ಳರಾಗುತ್ತೇವೆ. ಅದಕ್ಕೇ ಒಡೆಯರಿಗೆ ಒಪ್ಪಿಸಿದೆವು."

"ನನಗೆ ಬೇಡ" ಎಂದ ಕೆಂಚಪ್ಪ. "ನೀರಿನೊಳಗೆ ಇದ್ದದ್ದೂ ನೀರೇ ಭಾವ. ಗಸಿಯೂ ನೀರೇ."

"ಹಾಗೋ?" ಎಂದ ಪದುಮಣ್ಣ. "ಗಸಿಯೂ ನೀರೇ ಆದರೆ, ಈಗ ಅದು ತಮ್ಮ ಅಂಗಳದಲ್ಲಿದೆ. ಅಲ್ಲಿರುವಷ್ಟು ಹೊತ್ತು ತಮ್ಮದೇ. ಏನು ಬೇಕಾದರೂ ಮಾಡಿಕೊಳ್ಳಿ, ಯಾರೂ ಕೇಳುವುದಿಲ್ಲ."

ಕೆಂಚಪ್ಪ ಭಾವನ ಹತ್ತಿರಕ್ಕೆ ಸರಿದ. ಅವನ ಚಪ್ಪಲಿಗೆ ಹತ್ತಿದ್ದ ಗಸಿಯ ವಾಸನೆ ಸಿಂಹಾಸನದವರೆಗೂ ಬಂದಿತ್ತು. ನಾಯಕ ಉತ್ತರೀಯದ ತುದಿಯಲ್ಲಿ ಮೂಗು ಮುಚ್ಚಿಕೊಂಡ.

"ಬಾನಿಗಳನ್ನು ಹಳ್ಳದಿಂದ ದೂರ ಒಯ್ಯು ಕೆಂಚಪ್ಪ. ಗಸಿಗೆ ನಿನ್ನ ನೆಲದಲ್ಲೇ ಹೊಂಡ ತೋಡಿಸು. ಇನ್ನು ಮೇಲೆ ಯಾರೇ ಆಗಲಿ, ನೀರು ಬಂದ ಹಾಗೆಯೇ ಕೆಳಕ್ಕೆ ಬಿಡಬೇಕು." ಆಮೇಲೆ ಪದುಮಣ್ಣನ ಕಡೆ ತಿರುಗಿದ. "ಅಂದರೆ ಕಟ್ಟಳೆಯಲ್ಲಿ ತೂತಿತ್ತು."

"ಇತ್ತು ಪ್ರಭು. ಒಂದು ಎಮ್ಮೆ ತೂರುವಷ್ಟು."

"ಕಂಡುಹಿಡಿದವರು ಯಾರು?"

"ನನ್ನ ಹೆಂಡತಿ. ಬರೆದವನು ಮಾತ್ರ ನಾನು."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ಚಂದವ್ವನಿಗೆ ರೇಷ್ಮೆ ಸೀರೆ, ಪದುಮಣ್ಣನಿಗೆ ಒಂದು ಬಿಳಿ ಪಂಚೆ ಕೊಡಿಸಿದ. ಕ್ಷೌರಿಕನನ್ನೂ ಅಲ್ಲಿಗೇ ಕರೆಸಿದ.

ಪದುಮಣ್ಣ ಮನೆಗೆ ಬಂದಾಗ ಚಂದವ್ವ ಅವನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು.

"ಇದೇನ್ರೀ ಇದು, ಇಷ್ಟೇನಾ ನೀವು?"

"ಇಷ್ಟೇ ಕಣೇ" ಎಂದ ಪದುಮಣ್ಣ. "ಸೋಸಿದ ಮೇಲೆ ಉಳಿದದ್ದು ಇಷ್ಟೇ."