ಬೆಣ್ಣೆಯ ಗಡಿಗೆ, ಮಸಾಲೆಯ ಭರಣಿ

"ಅಜ್ಜಾರೇ, ಮಗಳ ಹಾಗೆ ನೋಡಿಕೊಂಡ ಸೊಸೆ ಮನೆ ಬಿಟ್ಟು ಹೋದರೆ ತಪ್ಪು ಯಾರದು?" ಎಂದು ನೀಲವ್ವ ಕೇಳಿದಳು.

ಸೊಸೆ ತವರಿಗೆ ಹೋಗಿ ತಿಂಗಳಾಗಿತ್ತು. ಕರೆಯಲು ಹೋದ ಮಗ ಒಬ್ಬನೇ ವಾಪಸು ಬಂದಿದ್ದ. ಇನ್ನು ಆ ಮನೆಗೆ ಕಾಲಿಡುವುದಿಲ್ಲ ಅಂದಳಂತೆ. ಕಾರಣ ಹೇಳಲಿಲ್ಲವಂತೆ. ತಾನು ಏನು ಕಡಿಮೆ ಮಾಡಿದೆ ಎಂಬುದೇ ನೀಲವ್ವನಿಗೆ ಬಗೆಹರಿಯದ ಮಾತು. ಮಗಳಿಗೆ ಮಾಡಿದ್ದನ್ನೆಲ್ಲ ಸೊಸೆಗೂ ಮಾಡಿದ್ದಳು. ದಿನಾ ತಲೆ ಬಾಚಿದ್ದು, ತವರಿನವರು ಬಂದಾಗ ಪಕ್ಕ ಬಿಡದೆ ಕೂತದ್ದು, ಸೊಸೆಯ ಟ್ರಂಕು ತೆಗೆದು ಸೀರೆ ಮಡಿಸಿಟ್ಟದ್ದು, ಎಲ್ಲವನ್ನೂ ಅಜ್ಜನಿಗೆ ಒಂದೊಂದಾಗಿ ಒಪ್ಪಿಸಿದಳು. ಆ ಟ್ರಂಕಿನ ಬೀಗದಕೈ ಈಗಲೂ ನೀಲವ್ವನ ಸೊಂಟದಲ್ಲೇ ಇತ್ತು.

ಮಠದ ಅಜ್ಜ ಓದು ಬರಹ ಕಲಿತವರಲ್ಲ. ಉಗ್ರಾಣ ನೋಡಿಕೊಳ್ಳುತ್ತ ಮುದುಕರಾದವರು. ಗದ್ದುಗೆ ಬಂದದ್ದು ಆಮೇಲೆ. ಯಾರು ಏನು ಕೇಳಿದರೂ ಉತ್ತರ ಉಗ್ರಾಣದಿಂದಲೇ ಬರಬೇಕು. ಅದಕ್ಕೂ ಮುಂಚೆ ಒಂದಿಷ್ಟು ಜಂಬ ಬರಬೇಕು.

"ನಾನು ಉಗ್ರಾಣದಲ್ಲಿದ್ದಾಗ ಒಂದು ಉಂಡೆ ಬೆಣ್ಣೆಯನ್ನು ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಇಟ್ಟಿದ್ದೆ," ಅಂದರು. "ತೆಗೆದಾಗ ಕಡೆದವಳ ಹೆಬ್ಬೆರಳ ಗುರುತು ಅದರ ಮೇಲೆ ಹಾಗೇ ಇತ್ತು. ತಿಂದವರು ಯಾರೂ ಈಗಿಲ್ಲ. ಇದ್ದಿದ್ದರೆ ಕೇಳಬಹುದಿತ್ತು."

ಹಜಾರದಲ್ಲಿ ಕೂತಿದ್ದ ನಾಲ್ಕಾರು ಜನ ತಲೆಯಾಡಿಸಿದರು. ಅಜ್ಜ ಕತೆಗೆ ಬಂದರು.

ಒಬ್ಬ ರೈತ, ಒಬ್ಬ ಮಸಾಲೆ ವ್ಯಾಪಾರಿ. ಇವನು ಹಳ್ಳಿಯವನು, ಅವನು ಪೇಟೆಯವನು. ಒಂದೇ ತಟ್ಟೆಯಲ್ಲಿ ಉಣ್ಣುವಂಥ ಗೆಳೆತನ. ರೈತನ ಮಗಳ ಮದುವೆ ಪೇಟೆಯಲ್ಲಿ ಎಂದು ನಿಶ್ಚಯವಾಯಿತು. ಮದುವೆಯ ಬೆಣ್ಣೆಯನ್ನು ರೈತ ಮುಂಚೆಯೇ ತಂದು ಗೆಳೆಯನ ಮನೆಯಲ್ಲಿಟ್ಟ. ವ್ಯಾಪಾರಿಯ ಮಾಳಿಗೆ ಸೋರುತ್ತಿತ್ತು. ಅದೇ ಮದುವೆಗೆಂದು ಕುಟ್ಟಿಸಿದ ಮಸಾಲೆಪುಡಿಗೆ ಥಂಡಿ ತಾಗೀತು ಎಂದು ಅವನು ಭರಣಿಯನ್ನು ರೈತನ ಗಾಡಿಯಲ್ಲಿ ಹಳ್ಳಿಗೆ ಕಳಿಸಿದ. ನನ್ನದೆಂದೇ ತಿಳಿದು ನೋಡಿಕೊಳ್ಳುತ್ತೇನೆ ಎಂದು ಇಬ್ಬರೂ ಮಾತು ಕೊಟ್ಟರು.

ರೈತನ ಮನೆಯಲ್ಲಿ ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿಡುವ ರೂಢಿ. ಬೆಳಿಗ್ಗೆ ಸಂಜೆ ಮುಚ್ಚಳ ತೆಗೆದು, ಹಳೇ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಉಂಡೆಯನ್ನು ಹಿಸುಕಿ ತಿರುವಿಡಬೇಕು. ಮರೆತರೆ ಕೆಟ್ಟಿತು. ವ್ಯಾಪಾರಿಯ ಮನೆಯಲ್ಲಿ ಪುಡಿಯನ್ನು ಭರಣಿಗೆ ಒತ್ತಿ ತುಂಬಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಟ್ಟರೆ ಮುಗಿಯಿತು. ಬೇಕಾದ ದಿನದವರೆಗೆ ಯಾರೂ ಬಿಚ್ಚುವಂತಿಲ್ಲ. ಬಿಚ್ಚಿದರೆ ಕೆಟ್ಟಿತು.

ರೈತ ಭರಣಿಯನ್ನು ಬೆಳಿಗ್ಗೆ ಸಂಜೆ ತೆಗೆದ. ಮೂಸಿ ನೋಡಿದ, ಗಾಳಿಯಾಡಲಿ ಎಂದು ಒದ್ದೆ ಕೈಯಲ್ಲೇ ಕೆದಕಿಟ್ಟ. ಹೊಲದಲ್ಲಿ ತಡವಾಗುವ ದಿನ ಹೆಂಡತಿಗೆ ಹೇಳಿ ಹೋದ. ವ್ಯಾಪಾರಿ ಗಡಿಗೆಯ ನೀರು ಚೆಲ್ಲಿ, ಒರೆಸಿ, ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಗಿಟ್ಟ. ಅತ್ತ ಸುಳಿದವರನ್ನು ಗದರಿದ.

ಮದುವೆಯ ದಿನ ಅಡಿಗೆಯವನು ಎರಡನ್ನೂ ಬಿಚ್ಚಿದ. ಬೆಣ್ಣೆಯ ಕಮಟು ವಾಸನೆಗೆ ಹತ್ತಿರ ನಿಲ್ಲಲಾಗಲಿಲ್ಲ. ಮಸಾಲೆಯಲ್ಲಿ ಘಮವೇ ಇಲ್ಲ; ಗಂಟುಗಂಟಾಗಿ ಬೂಸಲು ಹಿಡಿದಿತ್ತು. ಬೀಗರ ಎದುರಿಗೇ ಗೆಳೆಯರಿಬ್ಬರೂ ಜಗಳಕ್ಕೆ ನಿಂತರು.

"ನನ್ನದರ ಹಾಗೇ ನೋಡಿಕೊಂಡೆನಲ್ಲೋ," ಅಂದ ರೈತ.

"ನಾನೇನು ಬೇರೆ ಮಾಡಿದೆನಾ? ನಾನೂ ನನ್ನದರ ಹಾಗೇ ನೋಡಿಕೊಂಡೆ," ಅಂದ ವ್ಯಾಪಾರಿ.

ಇಬ್ಬರು ಹೇಳಿದ್ದೂ ನಿಜ. ಅಲ್ಲಿಂದ ಮುಂದೆ ಒಬ್ಬರ ಮನೆಯ ನೀರನ್ನು ಒಬ್ಬರು ಕುಡಿಯಲಿಲ್ಲ.

ಕತೆ ಅಲ್ಲಿಗೆ ನಿಂತಿತು. ತಪ್ಪು ಯಾರದೆಂದು ಅಜ್ಜ ಹೇಳಲೇ ಇಲ್ಲವಲ್ಲ ಎಂದು ನೀಲವ್ವನಿಗೆ ಸಿಟ್ಟು ಬಂತು. ಅವಳೂ ಬೆಣ್ಣೆ ಕಡೆದು ಬೆಳೆದವಳೇ.

"ಅಜ್ಜಾರೇ, ಉಂಡೆಯನ್ನು ದಿನಾ ಹಿಸುಕಿ ತಿರುವಿಡಬೇಕು ಅಂದಿರಿ. ಹಾಗಾದರೆ ನಿಮ್ಮ ಬೆಣ್ಣೆಯ ಮೇಲೆ ಆ ಹೆಬ್ಬೆರಳ ಗುರುತು ವರ್ಷವಿಡೀ ಉಳಿದದ್ದು ಹೇಗೆ?"

ಕೂತವರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಅಜ್ಜ ಹೆಗಲು ಹಾರಿಸಿದರು.

"ಉಳಿಯಲಿಲ್ಲ ಅಂದುಕೋ. ಸೊಸೆಯ ಟ್ರಂಕನ್ನು ನೀನು ದಿನಕ್ಕೆಷ್ಟು ಸಲ ತೆಗೆಯುತ್ತಿದ್ದೆ?"

ನೀಲವ್ವ ಸೊಂಟದ ಬೀಗದಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.